ಮಗ್ಗುಲು ಹೊರಳಿಸಲು ವಿಮಾನ ಬೇಕಿರಲಿಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ತಮಗೆ ಗೊತ್ತಿರುವ ಒಂದು ಮಾತು ನಮಗೆ ಗೊತ್ತಿಲ್ಲದೆ ನಮ್ಮ ಅತ್ತೆ ಸತ್ತರು. ಈಗ ಮನೆಯಲ್ಲಿ ಇನ್ನೊಬ್ಬರು ಹಾಸಿಗೆ ಹಿಡಿದಿದ್ದಾರೆ. ಹೆದರಿ ಬರೆಯುತ್ತಿದ್ದೇನೆ.

ಅತ್ತೆ ಗಾದ್ರಮ್ಮ ಹೋದ ವರ್ಷ, ೧೯೮೨ರಲ್ಲಿ, ಜಗಳೂರಿನ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಒಯ್ದೆವು. ವೈದ್ಯರು ಎರಡು ನಿಮಿಷ ನೋಡಿ, "ವಯಸ್ಸಾಗೈತಲ್ಲಮ್ಮ. ಮನೆಗೆ ಕರ್ಕಂಡು ಹೋಗಿ ಆರಾಮಾಗಿ ಮಲಗಿಸ್ರಿ" ಎಂದರು. ವಯಸ್ಸು ಎಂಬುದು ಯಾವ ಕಾಯಿಲೆ, ಸ್ವಾಮಿ? ಮಲಗಿಸಿ ಎಂದರು, ಮಲಗಿಸಿದೆವು. "ಬೆನ್ನು ಬೆಂಕಿ ಇಟ್ಟಂಗೆ ಉರೀತೈತೆ ಕಣವ್ವ" ಎಂದು ಅತ್ತೆ ಅಳುತ್ತಿದ್ದರೆ, "ಅಲುಗಾಡಬ್ಯಾಡ್ರಿ" ಎಂದು ಗದರಿದವಳು ನಾನೇ. ಇಪ್ಪತ್ತನೆಯ ದಿನ ಬಟ್ಟೆ ಬದಲಿಸುವಾಗ ಚರ್ಮವೂ ಅಂಟಿಕೊಂಡು ಬಂತು. ಮಕ್ಕಳಾಗದ ಆಪರೇಷನ್‌ಗೆ ಹೆಂಗಸರನ್ನು ಹುಡುಕಿಕೊಂಡು ಬೀದಿಗೆ ಬರುವ ನರ್ಸಮ್ಮನ ಕೈ ಹಿಡಿದು ಕರೆದೆ. "ಮುದುಕರು ನಮ್ಮ ಪಟ್ಟಿಯಾಗಿಲ್ಲ ಕಣ್ರಿ. ಈ ಹುಣ್ಣಿಗೆ ಏನು ಮಾಡಬೇಕಂತ ನಮಗೂ ಹೇಳಿಕೊಟ್ಟಿಲ್ಲ" ಎಂದು ಆಕೆ ತಲೆ ತಗ್ಗಿಸಿದರು. ಅದಾಗಿ ಎರಡು ವಾರಕ್ಕೆ ಅತ್ತೆ ಹೋದರು.

ಕಳೆದ ತಿಂಗಳು ತಾವು ಇಂಗ್ಲೆಂಡ್ ಪ್ರವಾಸ ಮುಗಿಸಿ ಬಂದು, ನಮ್ಮೂರಿನ ಸಭೆಯಲ್ಲಿ ಹಾರ ಹಾಕಿಸಿಕೊಂಡು, ಪರದೆಯ ಮೇಲೆ ಚಿತ್ರ ತೋರಿಸಿದಿರಿ. ಅಲ್ಲಿ ನರ್ಸೊಬ್ಬಳು ಮನೆಗೇ ಬಂದು, ಹಾಸಿಗೆ ಹಿಡಿದ ಮುದುಕಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದನ್ನು ಮಗಳಿಗೆ ಕಲಿಸುತ್ತಿದ್ದಳು. "ಇಷ್ಟು ಮಾಡಿದರೆ ಹುಣ್ಣಾಗುವುದು ಅಪರೂಪ" ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಹೊರಳಿಸಲು ನಮಗೆ ಕೈಗಳಿರಲಿಲ್ಲವೇ? ಇದನ್ನು ತಿಳಿಯಲು ಸಮುದ್ರ ದಾಟಬೇಕಿತ್ತೇ? ದಾಟಿದಿರಿ, ಸಂತೋಷ. ತಂದ ವಿದ್ಯೆಯನ್ನು ಭಾಷಣಕ್ಕೆ ಮಾತ್ರ ಮೀಸಲಿಟ್ಟದ್ದೇಕೆ?

ಮೊನ್ನೆ ಸೋಮವಾರ ನನ್ನ ಗಂಡನ ಅಕ್ಕ ಚೌಡಕ್ಕ ಬಿದ್ದು ಕಾಲು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಮತ್ತದೇ ಉತ್ತರ. "ನಮ್ಮವ್ವಗೆ ಆದಂಗೆ ನನಗೂ ಆಗ್ತೈತೇನೆ, ಉಚ್ಚಂಗಿ?" ಎಂದು ಕೇಳುತ್ತಾರೆ. "ಇಲ್ಲಕ್ಕ, ನಾನದೀನಿ" ಎನ್ನುತ್ತೇನೆ. ಗಂಟೆ ನೋಡಿ ಹೊರಳಿಸುತ್ತಿದ್ದೇನೆ. ಆದರೆ ಮುರಿದ ಕಾಲನ್ನು ಹೇಗೆ ಹಿಡಿಯಬೇಕು? ತಮ್ಮ ಪರದೆಯ ಮೇಲೆ ಆ ಚಿತ್ರ ಅರ್ಧ ನಿಮಿಷವಿತ್ತು, ಅಷ್ಟೇ. ಮುಟ್ಟಿದಾಗಲೆಲ್ಲ ಅವರು ಚೀರುತ್ತಾರೆ, ನಾನು ಅರ್ಧಕ್ಕೇ ಬಿಟ್ಟುಬಿಡುತ್ತೇನೆ. ಇವತ್ತು ಬೆಳಿಗ್ಗೆ ಅವರ ಹಿಮ್ಮಡಿ ಕೆಂಪಗಾಗಿತ್ತು.

ನಮ್ಮ ಬೀದಿಯ ನರ್ಸಮ್ಮನಿಗೆ ಆ ಕೆಲಸ ಕಲಿಸಿ. ಮುದುಕರನ್ನೂ ಪಟ್ಟಿಗೆ ಸೇರಿಸಿ. ಆಕೆಯನ್ನು ಈ ವಾರವೇ ನಮ್ಮ ಮನೆಗೆ ಕಳಿಸಿ. ಪರಿಶೀಲಿಸಲಾಗುವುದು ಎಂಬ ಉತ್ತರ ಬೇಡ. ಅದು ಅಂಚೆಯಲ್ಲಿ ಬರುವಷ್ಟರಲ್ಲಿ ಆ ಕೆಂಪು ಕಪ್ಪಾಗಿರುತ್ತದೆ.

ಇಂತಿ,
ಶಾಲೆಗೆ ರಜೆ ಹಾಕಿ ಹಾಸಿಗೆಯ ಪಕ್ಕ ಕುಳಿತಿರುವ ಮೇಷ್ಟ್ರಮ್ಮ,
ಉಚ್ಚಂಗಮ್ಮ, ಜಗಳೂರು