ಐವತ್ತು ಇಳಿದು ಐವತ್ತು ಏರಿದಾಗ

ಜೂನ್ 9, ಮಧ್ಯಾಹ್ನ 12
ಎಣಿಕೆ ಮುಗಿಯಿತು. ಇಳಿತದ ಹೊತ್ತಿಗೆ ಮರಳುದಿಬ್ಬಕ್ಕೆ ನಡೆದು ಹೋಗಿ, ಉಬ್ಬರ ಏರುವ ಮೊದಲೇ ಬಂದೆ. ರೀವ ಎಂಬ ಕಡಲಹಕ್ಕಿಯ ಗೂಡು — ಒಂಬೈನೂರು. ಎರಡು ಸಲ ಎಣಿಸಿದೆ, ಎರಡು ಸಲವೂ ಅಷ್ಟೇ. ಟೋಪಿ ಇದ್ದೂ ನೆತ್ತಿಗೆ ನಾಲ್ಕು ಸಲ ಕುಕ್ಕಿಸಿಕೊಂಡೆ. ಆಚೆ ವರ್ಷ ಸಾವಿರದ ಇನ್ನೂರಿತ್ತು. ಹೋದ ವರ್ಷ ವಸಂತದ ಬಿರುಗಾಳಿಗೆ ಅರ್ಧ ದಿಬ್ಬ ಕೊಚ್ಚಿಹೋಯಿತು, ಗೂಡು ಆರುನೂರಕ್ಕಿಳಿಯಿತು. ಹೋದ ಜುಲೈಯಿಂದ ದಿಬ್ಬಕ್ಕೆ ದೋಣಿ ಬಂದ್. ಹದಿನೇಳು ವರ್ಷದ ಹಕ್ಕಿ ಕಾವಲಿನಲ್ಲಿ ಇಷ್ಟು ಖುಷಿ ಕೊಟ್ಟ ಎಣಿಕೆ ಇನ್ನೊಂದಿಲ್ಲ.

ಜೂನ್ 11
ಬಂದರಿನಲ್ಲಿ ವೀಬ್ರೆನ್ ಸಿಕ್ಕಿದ. ಪ್ರವಾಸಿ ದೋಣಿಯವನು, ಊರ ಸಮಿತಿಯ ಸದಸ್ಯ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನವನು.
"ಏನ್ ಮಾರಾಯ್ತಿ, ಒಂಬೈನೂರಂತೆ! ಐವತ್ತು ಪರ್ಸೆಂಟ್ ಇಳಿದಿತ್ತು, ಐವತ್ತು ಪರ್ಸೆಂಟ್ ಏರ್ತು. ಸರಿಹೋಯ್ತಲ್ಲ. ಇನ್ನು ದಿಬ್ಬಕ್ಕೆ ಜನ ಇಳಿಸ್ತೀನಿ."
"ಸಾವಿರದ ಇನ್ನೂರೆಲ್ಲಿ, ಒಂಬೈನೂರೆಲ್ಲಿ?"
"ಇಳಿದಾಗ ಐವತ್ತು ಅಂದೋಳು ನೀನೇ. ಏರಿದಾಗ ಐವತ್ತು ಅಂದೋಳೂ ನೀನೇ. ಈಗ ಮಾತು ತಿರುಗಿಸ್ತೀಯಾ?"
ನಕ್ಕುಬಿಟ್ಟೆ. ನಗಬಾರದಿತ್ತು, ಮುಖ ಕೆಂಪಾಯಿತು ಅವನಿಗೆ. ಸಭೆ ಇಪ್ಪತ್ತೈದಕ್ಕೆ. ದಿಬ್ಬ ತೆರೆಯಬೇಕೆಂಬ ಪ್ರಸ್ತಾಪ ಅವನದೇ. ಜನ ಇಳಿದರೆ ಹಕ್ಕಿಗಳು ಗೂಡು ಬಿಟ್ಟೇಳುತ್ತವೆ… ಹತ್ತು ನಿಮಿಷ ಸಾಕು, ಕಡಲಕಾಗೆಗಳು ಮೊಟ್ಟೆ ಎತ್ತಿಕೊಂಡು ಹೋಗುತ್ತವೆ. ಆದರೂ ಚಿಂತೆಯಿಲ್ಲ. ಲೆಕ್ಕ ನನ್ನ ಕಡೆಗಿದೆ.

ಜೂನ್ 18, ಸಂಜೆ
ವರದಿ ಬರೆದು ಮುಗಿಸಿದೆ. ಚೆನ್ನಾಗಿದೆ, ನಾನೇ ಹೇಳಿಕೊಳ್ಳುತ್ತೇನೆ. ಇಳಿದ ಐವತ್ತು ಸಾವಿರದ ಇನ್ನೂರರ ಮೇಲಿನದು. ಏರಿದ ಐವತ್ತು ಆರುನೂರರ ಮೇಲಿನದು. ತಳವೇ ಬೇರೆ. ಆರುನೂರು ಮತ್ತೆ ಸಾವಿರದ ಇನ್ನೂರಾಗಬೇಕಾದರೆ ಐವತ್ತಲ್ಲ, ಶೇಕಡಾ ನೂರು ಏರಬೇಕು. ಅರ್ಧ ದಾರಿ ಮಾತ್ರ ಬಂದಿದ್ದೇವೆ.
ಕೊನೆಗೆ ಮರಿಗಳ ಲೆಕ್ಕ. ಇಷ್ಟು ಹೊತ್ತಿಗೆ ಮರಿ ಹೊರಬಂದ ಗೂಡು ಹೋದ ವರ್ಷ ನೂರಕ್ಕೆ ನಲವತ್ತು, ಈ ವರ್ಷ ಐವತ್ತು. "ಹೆಚ್ಚಳ ಕೇವಲ ಶೇಕಡಾ ಹತ್ತು" ಎಂದು ಬರೆದೆ. ಮನೆಮನೆಗೂ ಹಂಚಲು ಅಂಚೆಯ ಟೆಟ್ಟೆಗೆ ಕೊಟ್ಟೆ.

ಜೂನ್ 20, ಬೆಳಿಗ್ಗೆ 10
ಟೆಟ್ಟೆ ಬಂದಳು. ಕಾಗದವಿರಲಿಲ್ಲ, ಸೈಕಲ್ ಮಾತ್ರ. ಕಾಫಿ ಕೊಟ್ಟೆ, ಸಕ್ಕರೆ ಬ್ರೆಡ್ಡಿಗೆ ಬೆಣ್ಣೆ ದಪ್ಪಗೆ ಹಚ್ಚಿಕೊಂಡಳು.
"ಒಂದ್ ಮಾತು ಕೇಳ್ಲಾ? ಬೈಬಾರ್ದು."
"ಕೇಳು."
"ನಲವತ್ತಿತ್ತು, ಹತ್ತು ಸೇರ್ತು. ನಲವತ್ತರಲ್ಲಿ ಹತ್ತು ಅಂದ್ರೆ ಕಾಲು ಭಾಗ ಅಲ್ವಾ? ಶೇಕಡಾ ಇಪ್ಪತ್ತೈದು ಆಗ್ಬೇಕು. ವೀಬ್ರೆನ್‌ಗೆ ಪಾಠ ಹೇಳೋಕೆ ಹೋಗಿ ನೀನೂ ಅದೇ ಗುಂಡಿಗೆ ಬಿದ್ಯಲ್ಲೇ!"
ವರದಿ ಕೈಗೆತ್ತಿಕೊಂಡು ನೋಡಿದೆ. ಹೌದು. ನೂರು ಗೂಡಿಗೆ ಹತ್ತು ಗೂಡು ಹೆಚ್ಚು, ಅದು ಸರಿ. ಶೇಕಡಾ ಹತ್ತು ಹೆಚ್ಚಳ, ಅದು ತಪ್ಪು. ತಳ ನಲವತ್ತು. ತಳ ತಳ ಎಂದು ಒಂದು ಪುಟ ಬರೆದು, ಮುಂದಿನ ಪುಟದಲ್ಲೇ ಮರೆತೆ.
"ಬೇರೆ ಯಾರೂ ಗಮನಿಸಿಲ್ಲ, ಬಿಡು. ಇದು ಗೊತ್ತಾದ್ರೆ ಅವನು ಕುಣೀತಾನೆ," ಎಂದು ಹೇಳಿ ಟೆಟ್ಟೆ ಹೋದಳು.

ಜೂನ್ 24
ಮೂರು ದಿನ ಬರೆಯಲಿಲ್ಲ. ಬರೆದರೆ ಒಪ್ಪಿಕೊಳ್ಳಬೇಕಾಗುತ್ತಿತ್ತು.
ಅದು ಬರೀ ಕೈತಪ್ಪಲ್ಲ. ಸಣ್ಣ ಸಂಖ್ಯೆ ನನಗೆ ಬೇಕಿತ್ತು. "ಕೇವಲ" ಎಂದು ಬರೆಯುವಾಗ ಹಿತವಾಗಿತ್ತು. ಅದಕ್ಕೇ ಮತ್ತೊಮ್ಮೆ ನೋಡಲಿಲ್ಲ. ಸಿಕ್ಕಿದ ಮರಿಗಳನ್ನೇ ಕಡಿಮೆ ಮಾಡಿ ತೋರಿಸಿದೆ — ನಾನು, ಅವುಗಳ ಕಾವಲಿನವಳು.
ನಾಳೆ ಹೇಳುತ್ತೇನೆ. ಸೋತರೂ ಹೇಳುತ್ತೇನೆ. ಸೋಲುವುದಿಲ್ಲ ಅನ್ನಿಸುತ್ತಿದೆ.

ಜೂನ್ 26, ಬೆಳಿಗ್ಗೆ
ನಿನ್ನೆ ಚರ್ಚಿನ ಸಭಾಂಗಣ. ಸಮಿತಿಯವರು ಹನ್ನೊಂದು, ನಾನೊಬ್ಬಳು. ಹನ್ನೆರಡು ಕುರ್ಚಿ. ಹಿಂದೆ ಬೆಂಚುಗಳಲ್ಲಿ ಊರಿನವರು.
ಎಲ್ಲರನ್ನೂ ಎಬ್ಬಿಸಿದೆ. ಆರು ಕುರ್ಚಿ ಎತ್ತಿ ಗೋಡೆಗೆ ಒರಗಿಸಿದೆ. "ಐವತ್ತು ಪರ್ಸೆಂಟ್ ಇಳೀತು. ವೀಬ್ರೆನ್, ಈಗ ಉಳಿದಿರೋದಕ್ಕೆ ಐವತ್ತು ಪರ್ಸೆಂಟ್ ಸೇರಿಸು." ಆರರ ಅರ್ಧ ಮೂರು. ಲೆಕ್ಕದ ಮನುಷ್ಯನೇ ಅವನು, ಮೂರನ್ನೇ ತಂದಿಟ್ಟ. "ಸರಿಹೋಯ್ತಲ್ಲ, ಕೂತ್ಕೊಳ್ಳಿ." ಒಂಬತ್ತು ಜನ ಕೂತರು. ಅಧ್ಯಕ್ಷರು, ನಾನು, ವೀಬ್ರೆನ್ ನಿಂತೇ ಇದ್ದೆವು. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು.
ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ವರದಿ ಎತ್ತಿ ಹಿಡಿದು ಹೇಳಿದೆ, "ಇದರಲ್ಲಿ ನನ್ನದೂ ಒಂದು ತಪ್ಪಿದೆ. ಮರಿ ಹೆಚ್ಚಿದ್ದು ಶೇಕಡಾ ಹತ್ತಲ್ಲ, ಇಪ್ಪತ್ತೈದು."
ಚಪ್ಪಾಳೆ ನಿಂತಿತು. ವೀಬ್ರೆನ್ ಕೂಡಲೇ ಹಿಡಿದ. "ಓಹೋ! ಹಾಗಾದ್ರೆ ಮಿಕ್ಕಿದ್ದನ್ನ ಹೇಗಮ್ಮ ನಂಬೋದು?"
"ನಂಬಬೇಡ. ನಾಳೆ ನನ್ ಜೊತೆ ಬಂದು ದೂರದಿಂದ ಎಣಿಸು. ಇಪ್ಪತ್ತೈದು ಅಂದ್ರೆ ಒಳ್ಳೇ ಸುದ್ದೀನೇ. ಯಾರೂ ಇಳೀದೇ ಇದ್ದಿದ್ದಕ್ಕೆ ಇಷ್ಟಾಗಿದೆ ಅಂತ ನನ್ನ ಎಣಿಕೆ."
ಆರು ಕೈ ನನ್ನ ಕಡೆ, ಐದು ಅವನ ಕಡೆ. ಈ ಬೇಸಿಗೆ ದಿಬ್ಬ ಮುಚ್ಚಿಯೇ ಇರುತ್ತದೆ. ಆರನೆಯ ಕೈ ಮುದಿ ಪಾದ್ರಿಯದು. ಹೊರಗೆ ಬಂದಾಗ ಹೇಳಿದರು, "ಕುರ್ಚಿಗೆ ಅಲ್ಲಮ್ಮ ಕೈ ಎತ್ತಿದ್ದು. ಆಮೇಲೆ ಹೇಳಿದ್ಯಲ್ಲ, ಅದಕ್ಕೆ."
ವೀಬ್ರೆನ್ ಕಾಫಿಗೂ ನಿಲ್ಲದೆ ಹೋದ. ಇವತ್ತು ಎಣಿಸಲು ಬರುವವನಲ್ಲ.

ಜುಲೈ 30
ಐದು ವಾರ ಮಾತಿಲ್ಲ. ಬಂದರಿನಲ್ಲಿ ಕಂಡರೂ ಹಗ್ಗದ ಗಂಟು ನೋಡುತ್ತ ನಿಲ್ಲುತ್ತಿದ್ದ. ಇವತ್ತು ಬಾಗಿಲು ತಟ್ಟಿದ, ಒಳಗೆ ಬರಲಿಲ್ಲ.
"ನಾಳೆ ಮರಿ ಎಣಿಸೋಕೆ ಹೋಗ್ತೀಯಂತೆ. ದೋಣೀಲಿ ಬಾ. ನೂರು ಮೀಟರ್ ಆಚೆ ನಿಂತ್ರೆ ದುರ್ಬೀನಲ್ಲಿ ಏನಾದ್ರೂ ಕಾಣುತ್ತಾ ನೋಡ್ಬೇಕು. ಕಂಡ್ರೆ ಅಷ್ಟು ನೋಡೋಕೂ ಜನ ಬರ್ತಾರೆ."
"ಇನ್ನೂರು ಮೀಟರ್."
"ನೂರೈವತ್ತು."
"ಇನ್ನೂರು."
"ಮೊಂಡಿ. ಎಂಟಕ್ಕೆ ಬಾ, ತಡ ಮಾಡ್ಬೇಡ."

ಜುಲೈ 31, ಬೆಳಿಗ್ಗೆ 9.20, ದೋಣಿಯಲ್ಲಿ
ಗಾಳಿ ಇಲ್ಲ. ಎಡಭಾಗ ಅವನಿಗೆ, ಬಲಭಾಗ ನನಗೆ. ನನ್ನದು ಇನ್ನೂರ ಹದಿನಾಲ್ಕು, ಹಾರಲು ಸಿದ್ಧವಾದವು ಮಾತ್ರ. ಅವನು ಬಾಯಲ್ಲೇ ಎಣಿಸುತ್ತಿದ್ದಾನೆ, ಸಂಖ್ಯೆ ತಪ್ಪಿತೆಂದು ಬೈದುಕೊಳ್ಳುತ್ತಾನೆ, ಮೊದಲಿನಿಂದ ಶುರು ಮಾಡುತ್ತಾನೆ. ಮೂರನೆಯ ಸಲ… ಈಗ ದುರ್ಬೀನು ಕೆಳಗಿಟ್ಟ. ನನ್ನ ತೋಳು ಹಿಡಿದುಕೊಂಡ. "ಫ್ರೌಕೆ, ಬರಿಯೋದ್ ನಿಲ್ಸು, ನೋಡಿಲ್ಲಿ —" ದಿಬ್ಬದಂಚಿನಲ್ಲಿ ಮರಿಗಳೆಲ್ಲ ಒಮ್ಮೆಗೇ