ಡೇರೆ ಹೂವಿನ ಹಿಂದಿನ ಬೇಲಿ

೧೩-೧೦-೧೯೬೨, ಶನಿವಾರ. ನ್ಯೂ ಟೌನ್, ಭದ್ರಾವತಿ.

ಡೇರೆ ಹೂವಿನ ಫೋಟೋ ಈ ಸಲವೂ ಮಸುಕು. ಶಿವಮೊಗ್ಗದ ಸ್ಟುಡಿಯೋದ ಅಬ್ಬಾಸ್ ಅಲಿ ಬೇಕೆಂದೇ ಕೆಡಿಸುತ್ತಿದ್ದಾನೆಂದು ನನ್ನ ಗುಮಾನಿ. ಕೇಳಿದರೆ ನಗುತ್ತಾನೆ.

"ಡಬ್ಬಾ ಕ್ಯಾಮೆರಾ ಮಾರಾಯ್ರೆ, ಹೂವಿಗೆ ಮೂಗು ತಾಗಿಸಿದ್ರೆ ಹೆಂಗೆ? ಆರಡಿ ದೂರ ನಿಂತ್ಕೊಳ್ಳಿ. ಹಿಂದಿನ ಬೇಲಿ ನೋಡಿ, ಎಷ್ಟು ಚೆನ್ನಾಗಿ ಬಂದಿದೆ!"

ಬಸ್ಸಿನಲ್ಲಿ ಕೂತು ಬೇಲಿ ನೋಡಿದೆ. ನನ್ನ ಹೂ ಕದಿಯುವವಳು ಪಕ್ಕದ ಮನೆಯ ಹೂವಮ್ಮನೇ ಎಂದು ಒಂದು ತಿಂಗಳಿಂದ ಕೂಗಾಡುತ್ತಿದ್ದೇನೆ. ಹೌದು, ಬೇಲಿಯಾಚೆ ಸೆರಗೊಡ್ಡಿ ನಿಂತಿದ್ದಾಳೆ. ಈಚೆಯಿಂದ ಅದಕ್ಕೆ ಹೂ ಹಾಕುತ್ತಿರುವವಳು ನನ್ನ ಹೆಂಡತಿ. ಅವತ್ತು ತಲೆ ಬಗ್ಗಿಸಿ ಕ್ಯಾಮೆರಾದ ಕಿಂಡಿಯಲ್ಲಿ ಹೂವನ್ನಷ್ಟೇ ನೋಡುತ್ತಿದ್ದೆ.

ಫೋಟೋ ಜೇಬಿನಲ್ಲೇ ಇದೆ. ಈಗ ಊಟಕ್ಕೆ ಬಡಿಸುತ್ತಾ ಅವಳೇ ಕೇಳಿದಳು: "ಇವತ್ತೂ ಹೂ ಕದ್ದಿದ್ದಾಳೇನ್ರೀ, ಆ ಕಳ್ಳಿ?"