ಯಾರಿಗೂ ನೋವಾಗದ ಭಾಷಣ

ಡಿಸೆಂಬರ್ 3

ಸಂಘದ ಚಹಾ ಲೋಟಗಳನ್ನು ಈ ತಿಂಗಳೂ ನಾನೇ ತೊಳೆದೆ. ಸಂವಹನಕಾರರ ಸಂಘ ಅಂತ ಹೆಸರು. ಪ್ರಕಟಣೆ ಬರೆಯುವವರು, ಭಾಷಣ ಬರೆಯುವವರು, ಕಂಪನಿಗಳ ಪರವಾಗಿ ಮಾತಾಡುವವರು... ಎಲ್ಲರಿಗೂ ಬಾಯಿದೆ, ಲೋಟ ಎತ್ತುವ ಕೈ ಇಲ್ಲ.

ಇಂದಿನ ತರಗತಿ ನನ್ನದು: 'ಕಹಿ ಸುದ್ದಿಯನ್ನು ನೇರವಾಗಿ ಹೇಳುವುದು'. ಅಜ್ಜಿಯಿಂದ ಶುರು ಮಾಡಿದೆ. ಕೆಟ್ಟ ಸುದ್ದಿ ತಂದವನಿಗೆ ಅಜ್ಜಿ ಮೊದಲು ಒಂದು ಲೋಟ ನೀರು ಕುಡಿಸುತ್ತಿದ್ದಳು. ಆಮೇಲೆ — "ಈಗ ಹೇಳು, ಒಂದೇ ಉಸಿರಲ್ಲಿ." ಎಲ್ಲರೂ ಬರೆದುಕೊಂಡರು.

ಭಾವ ಹಿಂದೆ ಕುರ್ಚಿ ಮಡಚುತ್ತಿದ್ದರು. ಅಕ್ಕನ ಗಂಡ, ನಮ್ಮ ಕಂಪನಿಯ ಬಾಟಲಿ ಕಾರ್ಖಾನೆಯಲ್ಲಿ ಫಿಟರ್. ಸಂಘದ ಸದಸ್ಯರಲ್ಲ, ಆದರೂ ಮೈಕು ಕೆಟ್ಟರೆ ಅವರೇ ಬೇಕು.

"ನಿಮ್ಮೋರು ಮಾತಾಡೋಕೆ ಮೈಕು ಬೇಕು, ಮೈಕು ಮಾತಾಡೋಕೆ ನಾನು ಬೇಕು," ಅಂದರು.

ಅಧ್ಯಕ್ಷೆ ಸ್ವಯಂಸೇವಕರಿಗೆಲ್ಲ ಹೇಳಿದ್ದಾರೆ — 'ಈ ವರ್ಷ ನಾನು ಕಲಿತದ್ದು', ಅರ್ಧ ಪುಟ, ಸಂಘದ ಪತ್ರಿಕೆಗೆ. ನಾಳೆ ಬರೆಯುತ್ತೇನೆ.

ಡಿಸೆಂಬರ್ 5

ಬೆಳಿಗ್ಗೆ ಕಾರ್ಖಾನೆಯಲ್ಲಿ ಎಂ.ಡಿ. ಭಾಷಣ. ಬರೆದದ್ದು ನಾನು. ವಿಷಯ ಇಷ್ಟೇ: ವರ್ಷದ ಕೊನೆಗೆ ಹಳೆಯ ವಿಭಾಗ ಮುಚ್ಚುತ್ತದೆ, ಅಲ್ಲಿರುವ ಎಲ್ಲರ ಕೆಲಸ ಹೋಗುತ್ತದೆ. ಭಾವನ ವಿಭಾಗ.

ತಿದ್ದಿದ್ದೇ ತಿದ್ದಿದ್ದು. ಪ್ರತಿ ಸಲವೂ ಒಂದು ಮುಳ್ಳು ಕಿತ್ತೆ. ಕೊನೆಗೆ ಉಳಿದದ್ದು: "ಹೊಸ ವರ್ಷದಲ್ಲಿ ನಮ್ಮ ಹಿರಿಯ ವಿಭಾಗದ ಗೆಳೆಯರು ಹೊಸ ದಾರಿಗಳತ್ತ ಹೆಜ್ಜೆ ಇಡಲಿದ್ದಾರೆ."

ಚಪ್ಪಾಳೆ ಹೊಡೆದರು. ನಿಜವಾಗಿಯೂ.

"ಒಬ್ಬರೂ ಗಲಾಟೆ ಮಾಡ್ಲಿಲ್ಲ ನೋಡಿ! ನಿಮ್ಮ ಸಂಘದ ಪ್ರಶಸ್ತಿಗೆ ಕಳಿಸಿ ಇದನ್ನ," ಅಂದರು ಎಂ.ಡಿ. ಅರ್ಜಿ ಹಾಕಲು ಇವತ್ತೇ ಕೊನೆಯ ದಿನ. ಕಳಿಸಿದೆ.

ಡಿಸೆಂಬರ್ 6

ಅಕ್ಕನ ಮನೆ. ಮೇಜಿನ ಮೇಲೆ ಕೇಕು. ಭಾವನ ಮೈಮೇಲೆ ಇಸ್ತ್ರಿ ಮಾಡಿದ ಶರ್ಟು.

"ಏನು ವಿಶೇಷ?"

"ನಮ್ಮ ಸೆಕ್ಷನ್ನಿಗೆ ಹೊಸ ಮಷೀನು ಬರ್ತಿದೆ ಕಣಮ್ಮ. ಹೊಸ ದಾರಿ ಅಂದ್ರಲ್ಲ ಸಾಹೇಬ್ರು! ಬರೆದೋಳು ನೀನು, ನನ್ನ ಕೇಳ್ತೀಯ?"

ಅಕ್ಕ ನಕ್ಕಳು. "ಆಫೀಸಿನ ಗುಟ್ಟು ಬಿಡ್ತಾಳಾ ಇವಳು? ಕಲ್ಲಾದ್ರೂ ಕರಗೀತು."

ಹಿಂದಿನ ಬೀದಿಯ ವರ್ಕ್‌ಶಾಪಿನವರು ಭಾವನನ್ನು ಕೆಲಸಕ್ಕೆ ಕರೆಯುತ್ತಿದ್ದಾರಂತೆ. ಹದಿನೈದರೊಳಗೆ ಉತ್ತರ ಹೇಳಬೇಕು.

"ಈಗ್ಯಾಕೆ ಹೋಗ್ಲಿ? ಬೇಡ ಅಂತೀನಿ."

ನೀರು ಕುಡಿದೆ, ಅಜ್ಜಿ ಹೇಳಿದ ಹಾಗೆ. ನೀರು ಮಾತ್ರ ಕುಡಿದೆ.

ಡಿಸೆಂಬರ್ 11

ಫೋನ್ ಮಾಡಿದೆ. "ಭಾವ, ಆ ವರ್ಕ್‌ಶಾಪು... ಎಲ್ಲ ಸಾಧ್ಯತೆಗಳನ್ನೂ ತೆರೆದಿಟ್ಟುಕೊಳ್ಳೋದು ಒಳ್ಳೇದು."

"ಸಂಘದಲ್ಲಿ ಮಾತಾಡೋ ಹಾಗೆ ಮನೆಯೋರ ಹತ್ರಾನೂ ಮಾತಾಡ್ತೀಯಲ್ಲಮ್ಮ! ಇಡು, ಒಲೆ ಮೇಲೆ ಹಾಲಿದೆ."

ನಾಳೆ ಹೇಳುತ್ತೇನೆ.

ಡಿಸೆಂಬರ್ 16

ವರ್ಕ್‌ಶಾಪಿನವರಿಗೆ ಭಾವ ಬೇಡ ಅಂದುಬಿಟ್ಟರಂತೆ, ನಿನ್ನೆ. ಆ ಜಾಗಕ್ಕೆ ಆಗಲೇ ಬೇರೊಬ್ಬರು ಬಂದಾಯಿತು.

ಡಿಸೆಂಬರ್ 27

ಸಂಘದ ವರ್ಷಾಂತ್ಯದ ಸಭೆ. ಕುರ್ಚಿ ಹಾಕಿದ್ದು ನಾನು ಮತ್ತು ಭಾವ. ಮೈಕು ಕಿರ್ ಅನ್ನುತ್ತಿತ್ತು. ವೈರು ಅಲುಗದಂತೆ ಹಿಡಿದುಕೊಂಡು ಭಾವ ವೇದಿಕೆಯ ಪಕ್ಕದಲ್ಲೇ ಕೂತರು.

ಅಧ್ಯಕ್ಷೆ ನನ್ನನ್ನು ಮೇಲೆ ಕರೆದರು. ಪ್ರಶಸ್ತಿ. ಆಮೇಲೆ ಓದಿದರು — ಸ್ಪಷ್ಟವಾಗಿ, ಒಂದೇ ಉಸಿರಲ್ಲಿ: "ಬಾಟಲಿ ಕಾರ್ಖಾನೆಯ ಹಳೆಯ ವಿಭಾಗ ಮುಚ್ಚಿ, ಅಲ್ಲಿನ ಎಲ್ಲರ ಕೆಲಸ ಹೋಗುವ ಸುದ್ದಿಯನ್ನು ಯಾರಿಗೂ ನೋವಾಗದಂತೆ ಹೇಳಿದ ಭಾಷಣ."

ಅರ್ಜಿಯಲ್ಲಿ ನಾನೇ ಬರೆದ ವಾಕ್ಯ. ತೀರ್ಪುಗಾರರಿಗೆ ಅರ್ಥವಾಗಲಿ ಅಂತ ನೇರವಾಗಿ ಬರೆದಿದ್ದೆ.

ಭಾವ ವೈರು ಬಿಡಲಿಲ್ಲ. ಕೊನೆಯವರೆಗೂ ಮೈಕು ಕೆಡಲಿಲ್ಲ.

ಸಭೆ ಮುಗಿದ ಮೇಲೆ ಒಳಗೆ ಹೋಗಿ ನೋಡಿದರೆ, ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿತ್ತು. ಭಾವ ಹೊರಟುಹೋಗಿದ್ದರು.

ಡಿಸೆಂಬರ್ 30

ಮತ್ತೆ ಅಧ್ಯಕ್ಷೆಯ ಫೋನ್. "ಅರ್ಧ ಪುಟ ಕಣ್ರೀ. ಪ್ರಶಸ್ತಿ ಬಂದಿರೋ ನೀವೇ ಕೊಡದಿದ್ರೆ ಹೇಗೆ?"

ಬರೆದೆ. ಹೊಡೆದುಹಾಕಿದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿತ್ತಂತೆ. ಹಲ್ಲಿ ನಾನೇ ಸರಿ. ಬಿದ್ದದ್ದು ಮಾತ್ರ ಭಾವ.

ಡಿಸೆಂಬರ್ 31, ಬೆಳಿಗ್ಗೆ

ಇಂದೇ ಕೊನೆ ಎಂಬ ನೋಟೀಸು ಎಲ್ಲರ ಕೈಗೂ ಬಂತು. ಭಾವ ನನ್ನ ಆಫೀಸಿನ ಮೆಟ್ಟಿಲ ಬಳಿ ಕಾಯುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮಕ್ಕಂಗೆ ಇನ್ನೂ ಹೇಳಿಲ್ಲ. ಹೊಸ ಮಷೀನು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದಾಳೆ. ನನ್ನ ಕೈಲಾಗಲ್ಲ. ನೀನೇ ಹೇಳಮ್ಮ."

"ನಾನಾ, ಭಾವ?"

"ಯಾರಿಗೂ ನೋವಾಗದ ಹಾಗೆ ಹೇಳೋದು ನಿನಗೆ ಬರುತ್ತಲ್ಲ."

ಕುಹಕವೇನೂ ಇರಲಿಲ್ಲ ಆ ಮಾತಿನಲ್ಲಿ. ನಂಬಿ ಹೇಳಿದರು.

ಅದೇ ದಿನ, ಮಧ್ಯಾಹ್ನ

ಅಕ್ಕನ ಮನೆ. ನೀರು ಕೊಟ್ಟು ಒಳಗೆ ಹೋದಳು. ಚಹಾ ಸೋಸುವ ಸದ್ದು.

"ಏನೇ, ಬಂದೋಳು ಮಾತೇ ಆಡ್ತಿಲ್ಲ? ಪ್ರಶಸ್ತಿ ಬಂದ್ಮೇಲೆ ಬಾಯಿಗೂ ರೇಟು ಹೆಚ್ಚಾಯ್ತಾ?"

ನೀರು ಕುಡಿದೆ. ಮೊದಲು ಇಲ್ಲಿ ಬರೆದುಕೊಂಡು, ಹಾಗೇ ಹೇಳಿಬಿಡುತ್ತೇನೆ. ಒಂದೇ ವಾಕ್ಯ.

ಅಕ್ಕಾ, ಹೊಸ ವರ್ಷದಿಂದ ಭಾವನಿಗೆ ಮನೆಯಲ್ಲಿ ಹೆಚ್ಚು ಸಮಯ —

ಅಲ್ಲ.

ಅಕ್ಕಾ, ಭಾವನ ಕೆಲಸ —